ರಜೆಯ ಮೇಲಿದ್ದ ಜವಾನ

ಎರಡರ ಗಂಟೆಯನ್ನು ತಾನೇ ಹೊಡೆದು, ತಾನೇ ಓಡಿ ಬಂದು, ಮಡೆಪ್ಪ ಪರೀಕ್ಷೆಯ ಕೋಣೆಯ ಕಡೆಯ ಬೆಂಚಿನಲ್ಲಿ ಕೂತ. ಅಂಗೈಗೆ ಸುತ್ತಿಗೆಯ ತುಕ್ಕು ಹತ್ತಿತ್ತು. ಇವತ್ತು ಅವನು ಖಾಕಿ ತೊಟ್ಟಿರಲಿಲ್ಲ. ಹೆಂಡತಿ ಗಯಾಬಾಯಿ ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ. ಅದಕ್ಕೆ ಕಲೆಯಾದೀತೆಂದು ಕೈಯನ್ನು ಬೆಂಚಿನ ಅಡಿಗೆ ತಿಕ್ಕಿ ಒರೆಸಿದ. ಮುಂದಿನ ಹುಡುಗರು ತಿರುಗಿ ನೋಡಿ ನಕ್ಕರು. ಬಸವಕಲ್ಯಾಣದ ಆ ಕಾಲೇಜಿನಲ್ಲಿ ಅವನನ್ನು ‘ಬಿ.ಎ. ಮಡೆಪ್ಪ’ ಎಂದು ಕರೆಯತೊಡಗಿ ಮೂರು ವರ್ಷವಾಗಿತ್ತು. ಪದವಿ ಬರುವ ಮೊದಲೇ ಹೆಸರಿಗೆ ಅಂಟಿಕೊಂಡಿತ್ತು.

ಅವನಿಗೆ ಆಗ ನಲವತ್ತಮೂರು. ಹನ್ನೆರಡನೆಯ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ನಲವತ್ತೆಂಟರ ಹೈದರಾಬಾದ್ ಸಂಸ್ಥಾನದ ಗಲಾಟೆಯಲ್ಲಿ, ತಾಯಿಯ ಕೈ ಹಿಡಿದು ತನ್ನೂರು ಗೋರ್ಟಾದಿಂದ ಓಡಿ ಬಂದವನು. ಅಪ್ಪ ಬರಲಿಲ್ಲ. ಉರ್ದು ಸಾಲೆಯ ನಾಲ್ಕನೇ ಇಯತ್ತೆ ಅಲ್ಲಿಗೇ ನಿಂತಿತು. ಆಮೇಲೆ ಕಂಡವರ ದನ ಕಾದ, ಹಮಾಲಿ ಮಾಡಿದ, ಕೊನೆಗೆ ಕಾಲೇಜಿನ ಜವಾನನಾದ. ನೋಟಿಸ್ ಹಚ್ಚುತ್ತ ಹಚ್ಚುತ್ತಲೇ ಕನ್ನಡ ಓದಲು ಕಲಿತು, ಮೂವತ್ತೇಳರಲ್ಲಿ ಮ್ಯಾಟ್ರಿಕ್ ಪಾಸಾದ. ಈಗ ಹೊರಗಿನಿಂದ ಕಟ್ಟಿದ ಬಿ.ಎ.ಯ ಕಡೆಯ ಪೇಪರು, ಇತಿಹಾಸ. ಜೂನಿನಲ್ಲಿ ಗುಮಾಸ್ತ ಅಬ್ದುಲ್ ಕರೀಂ ಸಾಹೇಬರು ನಿವೃತ್ತರಾಗುತ್ತಿದ್ದರು. “ಡಿಗ್ರಿ ತಗೊಂಡು ಬಾ, ಆ ಕುರ್ಚಿ ನಿಂದು” ಎಂದು ಪ್ರಿನ್ಸಿಪಾಲ್ ಮಹಾರುದ್ರಪ್ಪನವರು ಹತ್ತು ಮಂದಿಯ ಎದುರು ಹೇಳಿದ್ದರು.

ಎಂಟು ದಿನ ಮೊದಲೇ ಅವನು ರಜೆಯ ಅರ್ಜಿ ಬರೆದುಕೊಟ್ಟಿದ್ದ. ಅವನ ಬದಲಿಗೆ ಮಾಲಿ ನರಸಿಂಗ ಗಂಟೆ ಹೊಡೆಯಬೇಕೆಂದು ನಿಗದಿಯಾಗಿತ್ತು. ಆ ಪುಣ್ಯಾತ್ಮ ದರ್ಶನಕ್ಕೆಂದು ಮಾಣಿಕನಗರಕ್ಕೆ ಹೋದವನು ಹುಮನಾಬಾದಿನಿಂದ ಬಸ್ಸು ಸಿಗದೆ ಅಲ್ಲೇ ಉಳಿದ. ಎರಡಕ್ಕೆ ಕಾಲು ಗಂಟೆ ಇರುವಾಗ ಪ್ರಿನ್ಸಿಪಾಲರು ಗೇಟಿನಲ್ಲೇ ಮಡೆಪ್ಪನನ್ನು ಹಿಡಿದರು.

“ನರಸಿಂಗ ಬಂದಿಲ್ಲೋ ಮಡೆಪ್ಪಾ. ಅರ್ಧ ಅರ್ಧ ತಾಸಿಗಿ ಗಂಟಿ ಜರಾ ನೀನೇ ಹೊಡಿ.”

“ನಂದು ಇವತ್ತ ಪರೀಕ್ಷಾ ಅದರಿ, ಸರ್.”

“ಗೊತ್ತದಪಾ. ಎದ್ದು ಹೋಗಿ ಹೊಡದು ಬರಾಕ ಎಷ್ಟೊತ್ತು? ಬ್ಯಾರೇದವರು ಹೊಡದ್ರ ಡಬ್ಬಿ ಬಡದಂಗ ಆಗ್ತದ. ಯಾರರ ಕೇಳಿದ್ರ ನಾ ಹೇಳ್ತೀನಿ. ನನ್ನ ಜಿಮ್ಮಾ.”

ಡಬ್ಬಿಯ ಮಾತು ಸುಳ್ಳಲ್ಲ. ಗಂಟೆಯೆಂದರೆ ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು. ಕೆಳತುದಿಯಿಂದ ಒಂದು ಗೇಣು ಮೇಲಕ್ಕೆ, ಒಂದೇ ಜಾಗದಲ್ಲಿ ಹೊಡೆದರೆ ಮಾತ್ರ ಅದು ಬಾಯಿ ಬಿಡುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಜಾಗ ಮಡೆಪ್ಪನ ಕೈಗೆ ಗೊತ್ತಾಗಿತ್ತು. ಪ್ರಿನ್ಸಿಪಾಲ್ ಸಾಹೇಬರ ಬಾಯಲ್ಲಿ ಈ ಮಾತು ಬಂದಿದ್ದಕ್ಕೆ ಅವನು ಒಳಗೊಳಗೇ ಹಿಗ್ಗಿದ. ಹೊಗಳಿದವರಿಗೆ ಇಲ್ಲವೆನ್ನಲು ಅವನಿಗೆ ಯಾವತ್ತೂ ಬಂದಿರಲಿಲ್ಲ, ಪಾಪ.

ಕೋಣೆಯ ಮೇಲ್ವಿಚಾರಣೆಗೆ ಇದ್ದವನು ಹೊಸ ಅಧ್ಯಾಪಕ ಶಿವರಾಜ. ಅದೇ ಕಾಲೇಜಿನಲ್ಲಿ ಓದಿದ ಹುಡುಗ. ಅವನು ತಡವಾಗಿ ಬಂದ ದಿನಗಳಲ್ಲಿ ಮಡೆಪ್ಪ ಗೇಟು ಹಾಕದೆ ಕಾಯುತ್ತಿದ್ದ. ಪ್ರತಿ ಅರ್ಧ ತಾಸಿಗೆ, “ಹೋಗ್ರಿ ಕಾಕಾ, ಲಗೂನ ಬರ್ರಿ” ಎಂದು ಶಿವರಾಜ ಬಾಗಿಲ ಕಡೆ ಕೈ ತೋರಿಸುತ್ತಿದ್ದ. ಮಡೆಪ್ಪ ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಓಡುತ್ತಿದ್ದ. ಬಂದು ಕೂತು, ಬಿಟ್ಟ ವಾಕ್ಯವನ್ನು ಹುಡುಕಿ ಮುಂದುವರಿಸುತ್ತಿದ್ದ. ಆದರೂ ನಾಲ್ಕರ ಹೊತ್ತಿಗೆ ನಾಲ್ಕು ಉತ್ತರ ಮುಗಿಸಿದ.

ಐದನೆಯದು ಹೈದರಾಬಾದ್ ಸಂಸ್ಥಾನದ ವಿಲೀನ. ಅದನ್ನು ಅವನು ಬೇಕೆಂದೇ ಕಡೆಗೆ ಉಳಿಸಿಕೊಂಡಿದ್ದ. ಗೈಡಿನಲ್ಲಿದ್ದ ಮೊದಲ ವಾಕ್ಯವನ್ನು ಬರೆದು, ನೋಡಿ, ಕಾಟು ಹೊಡೆದ. ‘ಆ ವರ್ಷ ನಮ್ಮ ಊರಿನಲ್ಲಿ’ ಎಂದು ಶುರು ಮಾಡಿದ. ಕೈ ನಿಲ್ಲಲಿಲ್ಲ. ಮೂವತ್ತು ವರ್ಷ ಹೆಂಡತಿಗೂ ಹೇಳದೆ ಇದ್ದದ್ದು ಒಂದೊಂದೇ ಸಾಲಾಗಿ ಇಳಿಯತೊಡಗಿತು. ಎರಡು ಪುಟ ತುಂಬಿ ಮೂರನೆಯದಕ್ಕೆ ಬಂದಾಗ ನಾಲ್ಕೂವರೆ. ಏಳಲು ಮನಸ್ಸಿರಲಿಲ್ಲ. ಎದ್ದ, ಹೋಗಿ ಹೊಡೆದ.

ಹಿಂತಿರುಗುವಾಗ ಅಂಗಳದಲ್ಲಿ ಜೀಪು ನಿಂತಿತ್ತು. ಕೋಣೆಯ ಬಾಗಿಲಲ್ಲಿ ನಕಲು ಹಿಡಿಯುವ ತಪಾಸಣೆಯ ತಂಡದವರಿಬ್ಬರು. ಒಬ್ಬ ಮಡೆಪ್ಪನ ಮುಂಗೈ ಹಿಡಿದ.

“ಎಲ್ಲಿಗಿ ಹೋಗಿದ್ದಿ?”

“ಗಂಟಿ ಹೊಡಿಯಾಕರಿ.”

“ಪರೀಕ್ಷಾ ಬರಿಯಾಂವ ಗಂಟಿ ಹೊಡಿಯಾಕ ಹೋಗ್ತಾನ? ನಮಗ ಹುಚ್ಚ ಮಾಡಾಕತ್ತಿ ಏನು?”

ಕಿಸೆ ಹುಡುಕಿದರು. ಗಯಾಬಾಯಿ ಕಟ್ಟಿಕೊಟ್ಟ ದೇವರ ಬೂದಿ, ಅಂಗಾರದ ಪೊಟ್ಟಣ ಬಿಟ್ಟರೆ ಏನೂ ಸಿಗಲಿಲ್ಲ. ಎಷ್ಟು ಸಲ ಹೊರಗೆ ಬಿಟ್ಟಿರಿ ಎಂದು ಶಿವರಾಜನನ್ನು ಕೇಳಿದರು. “ಪ್ರಿನ್ಸಿಪಾಲ್ ಸರ್...” ಎಂದು ಶುರು ಮಾಡಿದ ಶಿವರಾಜ, ಪ್ರಿನ್ಸಿಪಾಲರು ಬರುವುದನ್ನು ಕಂಡು ಬಾಯಿ ಮುಚ್ಚಿದ. ಮಡೆಪ್ಪನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಇನ್ನೇನು, ಸಾಹೇಬರು ಹೇಳುತ್ತಾರೆ.

ಮಹಾರುದ್ರಪ್ಪನವರು ಜೀಪಿನ ಕಡೆ ನೋಡಿದರು, ಆಮೇಲೆ ಮಡೆಪ್ಪನ ಬಿಳಿ ಅಂಗಿಯ ಕಡೆ.

“ನಮ್ಮ ಜವಾನ ಇವತ್ತ ರಜಾ ಮ್ಯಾಲ ಹಾನ್ರಿ. ಬೇಕಂದ್ರ ಅರ್ಜಿ ನೋಡ್ರಿ. ಇಂವಗ ಗಂಟಿ ಹೊಡಿ ಅಂತ ನಾವ್ಯಾರೂ ಹೇಳಿಲ್ಲ. ರೂಢಿ ಮ್ಯಾಲ ತಾನೇ ಎದ್ದು ಹೋಗಿರಬೇಕು.”

ಅರ್ಜಿ ಬಂತು. ಮೂರು ಸಲ ತಿದ್ದಿ ನಾಲ್ಕನೆಯ ಸಲ ಚೊಕ್ಕವಾಗಿ ಬರೆದ ಅವನದೇ ಅಕ್ಷರ. ಮಡೆಪ್ಪ ಪ್ರಿನ್ಸಿಪಾಲರ ಕಡೆ ತಿರುಗಿದ. “ಸರ್, ನೀವೇ ಅಂದ್ರಿ, ನನ್ನ ಜಿಮ್ಮಾ ಅಂತ” ಎಂದ. ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ತಂಡದವನು ಮೂರನೆಯ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದ. ಈ ವರ್ಷದ ಪೇಪರೆಲ್ಲ ರದ್ದು ಎಂದು ಬರೆದ ಕಾಗದಕ್ಕೆ ಸಹಿ ಮಾಡಿಸಿಕೊಂಡ. ಜೀಪು ಹೋಯಿತು.

ಮಡೆಪ್ಪ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತ. ಕರೀಂ ಸಾಹೇಬರ ಕುರ್ಚಿ ಇನ್ನೊಂದು ವರ್ಷ ಯಾರಿಗೂ ಕಾಯುವುದಿಲ್ಲ. ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರು ಬಂದು ಪಕ್ಕದಲ್ಲಿ ನಿಂತರು.

“ಬ್ಯಾಸರ ಮಾಡ್ಕೋಬ್ಯಾಡಪಾ. ಖರೇ ಹೇಳಿದ್ರ ಕಾಲೇಜಿನ ಪರೀಕ್ಷಾ ಸೆಂಟರೇ ಹೋಗ್ತಿತ್ತು. ಬರೋ ವರ್ಷ ಬರಿಯಾಕ ಬರ್ತದ.” ಅವರು ಗಡಿಯಾರ ನೋಡಿಕೊಂಡರು. “ಐದಾತು. ಗಂಟಿ ಹೊಡಿ.”

“ಜವಾನ ರಜಾ ಮ್ಯಾಲ ಹಾನ್ರಿ.”

ಪ್ರಿನ್ಸಿಪಾಲರು ಅವನ ಮುಖವನ್ನೇ ನೋಡಿದರು. ಆಮೇಲೆ ತಾವೇ ಬಗ್ಗಿ ಸುತ್ತಿಗೆ ಎತ್ತಿಕೊಂಡು ಕಂಬಿಯ ನಡುವಿಗೆ ಹೊಡೆದರು. ಡಬ್ಬ ಬಡಿದ ಸದ್ದಾಯಿತು. ಇನ್ನೊಂದು ಸಲ, ಇನ್ನಷ್ಟು ಜೋರಾಗಿ ಹೊಡೆದರು. ಒಳಗೆ ಯಾರೂ ಏಳಲಿಲ್ಲ. ಶಿವರಾಜನೂ ಪೇಪರು ವಾಪಸು ಕೇಳಲಿಲ್ಲ.

ಎಲ್ಲಿ ಹೊಡೆಯಬೇಕೆಂದು ಮಡೆಪ್ಪನಿಗೆ ಗೊತ್ತಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ತಲೆಯೆತ್ತಿ ಹೊರಗೆ ನೋಡಿ, ಮತ್ತೆ ಬಗ್ಗಿ ಬರೆಯತೊಡಗಿದಳು.