ಬಾನೆಟ್ ಎತ್ತದ ಗಾಡಿ

ನಮ್ಮಣ್ಣ ವೀರುವಿನ ನಾಲಿಗೆ ಮೇಲೆ ಬೆಲ್ಲ, ಹೊಟ್ಟೆಯಲ್ಲಿ ಏನಿದೆಯೋ ಹೆತ್ತವ್ವನಿಗೂ ಗೊತ್ತಿಲ್ಲ. ಪಾಲು ಮಾಡುವ ದಿನ ನಾನು ಚಪ್ಪಲಿ ಬಿಡುವ ಮೊದಲೇ "ಬಾ ರಂಜನಿ, ಚಾ ಕುಡಿ" ಎಂದ. ಅಪ್ಪ ತೀರಿದ ಮೇಲೆ ಒಂದು ಲೋಟ ನೀರು ಕೊಡದವನು ಚಹಾ ಕೊಟ್ಟನೆಂದರೆ ಚೀಲ ಮುಟ್ಟಿ ನೋಡಿಕೊಳ್ಳಬೇಕು. ನನಗೆ ಅಲ್ಲಿಯೇ ಸಿಟ್ಟು ಬಂತು.

ಹಂಚುವುದಕ್ಕೆ ಇದ್ದದ್ದು ಎರಡೇ. ಬೆಟಗೇರಿಯ ಮನೆ ಮತ್ತು ಅದರ ಮುಂದಿನ ಗ್ಯಾರೇಜಿನ ಜಾಗ ಒಂದು, ಅಪ್ಪನ ಓಪನ್ ಗಾಡಿ ಇನ್ನೊಂದು. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಎಂ.ಜಿ. ಕಾರು, ಎರಡೇ ಸೀಟು, ಮಡಚುವ ಕ್ಯಾನ್ವಾಸ್ ಟಾಪು. ಯಾರೋ ಶ್ರೀಮಂತರ ಗೋದಾಮಿನಲ್ಲಿ ಕೋಳಿಗಳ ಮನೆಯಾಗಿದ್ದ ಅದನ್ನು ಅಪ್ಪ ತಂದು, ಇಂಜಿನ್ ಪೂರ್ತಿ ಬಿಚ್ಚಿ, ತಾನೇ ಕಟ್ಟಿ ಎಬ್ಬಿಸಿದ್ದ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿ ಮದುವೆಯಾದರೂ ಮದುಮಗನ ಮೆರವಣಿಗೆಗೆ ನಮ್ಮಪ್ಪ ಹುಚ್ಚೀರಪ್ಪನ ಗಾಡಿಯೇ ಬೇಕು. ಮದುಮಗ ಇಳಿದ ಮೇಲೆ ಆ ಸೀಟು ನನ್ನದು. ಹಿರೇವಡ್ಡಟ್ಟಿ ರಸ್ತೆಯಲ್ಲಿ ಅಪ್ಪ ಟಾಪು ಇಳಿಸಿ, "ಕೇಳವಾ, ಹೆಂಗ ಮಾತಾಡತೈತಿ" ಎಂದು ಇಂಜಿನ್ ಸದ್ದು ಕೇಳಿಸುತ್ತಿದ್ದ. ಕಡೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಅದೇ ಅಪ್ಪ, ವೀರು ಮೆರವಣಿಗೆಗೆ ಗಾಡಿ ಹೊರಡಿಸಿದಾಗೆಲ್ಲ "ಅದು ಯಾರ ಗಾಡಿ?" ಎಂದು ಕೇಳತೊಡಗಿದ. "ಅಪ್ಪಗ ಮರವು ಬಂದೈತಿ" ಎಂದು ವೀರು ಡಾಕ್ಟರರಿಗೆ ಹೇಳಿ ಗುಳಿಗೆ ಬರೆಸಿಕೊಂಡು ಬಂದ. ಅಪ್ಪ ಆ ಗುಳಿಗೆಯ ನಿದ್ದೆಯಲ್ಲೇ ಹೋದ.

ನಮ್ಮ ಕಡೆ ಪಾಲಿಗೊಂದು ರೀತಿ ಇದೆ. ದೊಡ್ಡವರು ಪಾಲು ಮಾಡಬೇಕು, ಸಣ್ಣವರು ಮೊದಲು ಆರಿಸಬೇಕು, ಮಾಡಿದವರು ಉಳಿದದ್ದನ್ನು ತೆಪ್ಪಗೆ ತೆಗೆದುಕೊಳ್ಳಬೇಕು. ಆರಿಸಿದ ಪಾಲಿನ ಮೇಲೆ ಎಲೆ-ಅಡಿಕೆ ಇಟ್ಟರೆ ಮುಗಿಯಿತು, ಮತ್ತೆ ಬಾಯಿ ತೆಗೆಯುವಂತಿಲ್ಲ. ನನಗೆ ಬೇಕಾದದ್ದು ತಲೆ ಮೇಲೊಂದು ಸ್ವಂತ ಸೂರು. ಗಂಡ ಬಿಟ್ಟ ಮೇಲೆ ಹೊಲಿಗೆ ಮಷಿನ್ ಹೊತ್ತುಕೊಂಡು ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆದು ಸಾಕಾಗಿತ್ತು. ಆದರೆ ಆ ಗಾಡಿಯ ಮೇಲೆ ನನಗೆಷ್ಟು ಜೀವವೆಂದು ವೀರುವಿಗೆ ಗೊತ್ತು. ಅದಕ್ಕೇ ಮನೆ-ಜಾಗ ಒಂದು ಕಡೆ, ಬರೀ ಗಾಡಿ ಇನ್ನೊಂದು ಕಡೆ ಮಾಡಿದ್ದ.

ಬೆಲೆ ಕಟ್ಟುವುದಕ್ಕೆ ಮುಂಡರಗಿಯಿಂದ ಅಪ್ಪು ಎಂಬವನು ಬಂದಿದ್ದ. ಹಳೇ ಕಾರು ಮಾರುವವ, ವೀರುವಿನ ದೋಸ್ತ. ಮೊಬೈಲು ಹಿಡಿದು ಗಾಡಿ ಸುತ್ತ ಪ್ರದಕ್ಷಿಣೆ ಹಾಕಿದ, ಬಣ್ಣ ಸವರಿದ, ಸೀಟು ಒತ್ತಿದ.

"ಇಂಥಾದ್ದು ಸಿಗೂದಿಲ್ರಿ. ಮೂಲ ಇಂಜಿನ್ ಇದ್ದದ್ದಂತೂ ಇಲ್ಲವ ಇಲ್ಲ. ಕಣ್ಣು ಮುಚ್ಚಿ ಮೂವತ್ತು ಲಕ್ಷ."

"ಮನಿ-ಜಾಗಕ್ಕೂ ಅಷ್ಟ. ತಕ್ಕಡಿ ಸಮ ಆತು" ಎಂದ ವೀರು.

ಹಿರಿಯರೆಂದು ಕೂತವರು ಪಕ್ಕದ ಮನೆಯ ಮಾಶಾಕ ಕಾಕಾ, ಸೀರೆ ನೇಯುವವರು, ಅಪ್ಪನ ಗೆಳೆಯರು. ಅವರು ಹೇಳಿದರು, "ಎತ್ತು ತಗೊಳ್ಳೋರು ಹೂಡಿ ನೋಡತಾರ. ಒಮ್ಮೆ ಚಾಲೂ ಮಾಡಪಾ."

"ಬ್ಯಾಟರಿ ಇಳದೈತ್ರಿ ಕಾಕಾ. ಬಾನೆಟ್ಟೂ ಜಾಮ್ ಆಗೈತಿ" ಎಂದ ವೀರು.

ನಾನು ಎದ್ದು ಹೋಗಿ ನನ್ನ ಸೀಟಿನಲ್ಲಿ ಕೂತೆ. ಗಾಡಿ ನೋಡಿದೊಡನೆ ಮನಸ್ಸು ಕರಗಿತ್ತು, ಸುಳ್ಳು ಹೇಳುವುದಿಲ್ಲ. ಮನೆ ಹೋದರೆ ಹೋಗಲಿ ಎಂದುಕೊಂಡಿದ್ದೆ. ಆದರೆ ಮೂಗಿಗೆ ಬಡಿದದ್ದು ಡೀಸೆಲ್ ವಾಸನೆ. ಅಪ್ಪ ಪೆಟ್ರೋಲ್ ಬಿಟ್ಟು ಬೇರೇನೂ ಹಾಕದ ಗಾಡಿಯಲ್ಲಿ ಡೀಸೆಲ್ ವಾಸನೆ. ಕಾಲಿನಿಂದ ನೆತ್ತಿಗೆ ಉರಿ ಏರಿತು. ಹಲ್ಲು ಕಚ್ಚಿ ಇಳಿದು ಬಂದೆ.

"ಅಣ್ಣಾ, ಅಪ್ಪ ಬಿಟ್ಟು ಹ್ವಾದಂಗ ಐತೇನು ಇದು?"

"ಒಂದು ಬೋಲ್ಟ್ ಮುಟ್ಟಿಲ್ಲ. ಅವ್ವನ ಆಣಿ."

ಅವ್ವ ಗದಿಗೆವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳ ತಲೆ ಮೇಲೆ ಕೈಯಿಟ್ಟೇ ಹೇಳಿದ, ಬಾಡಕೋ.

"ಮೂವತ್ತು ಲಕ್ಷ, ನಿನ್ನ ಮಾತು?"

"ನನ್ನ ಮಾತು."

"ಕೇಳಿದ್ರಿಲ್ಲ ಕಾಕಾ?" ಎಂದೆ. ಮಾಶಾಕ ಕಾಕಾ ತಲೆಯಾಡಿಸಿದರು. ನಾನು ಎಲೆ-ಅಡಿಕೆ ಎತ್ತಿಕೊಂಡೆ. ವೀರು ಗಾಡಿಯ ಕಡೆ ದಾರಿ ಬಿಟ್ಟು ನಿಂತ. ನಾನು ತಿರುಗಿ ಹೋಗಿ ಮನೆಯ ಹೊಸ್ತಿಲ ಮೇಲೆ ಇಟ್ಟೆ.

ಅವನ ಮುಖ ಸುಣ್ಣದ ಗೋಡೆಯಾಯಿತು. "ಹುಚ್ಚಿ, ಅಪ್ಪನ ಗಾಡಿ ಬಿಡತೀಯೇನ?" ಎಂದ.

"ಅಪ್ಪನ ಗಾಡಿ ಎಲ್ಲೈತಿ, ತೋರಸ್ತೀನಿ ಬಾ."

ಬಾನೆಟ್ ಎಳೆಯುವ ತಂತಿ ಒಳಗೆ ಎಲ್ಲಿದೆಯೆಂದು ನನಗೆ ಗೊತ್ತು, ಸಣ್ಣವಳಿದ್ದಾಗ ಅಪ್ಪ ನನ್ನಿಂದಲೇ ಎಳೆಸುತ್ತಿದ್ದ. ಎಳೆದೆ, ಬಾನೆಟ್ ಸಲೀಸಾಗಿ ಮೇಲೆದ್ದಿತು. ಒಳಗೆ ಅಂಬಾಸಿಡರಿನ ಹಳೇ ಡೀಸೆಲ್ ಇಂಜಿನ್ ಎಣ್ಣೆ ಜಿನುಗಿಸುತ್ತ ಕೂತಿತ್ತು. ಅಪ್ಪು ಮೊಬೈಲು ಕಿಸೆಗೆ ಹಾಕಿಕೊಂಡು ಗೇಟಿನ ಕಡೆ ಸರಿದ.

"ಪೆಟ್ರೋಲ್ ತುಟ್ಟಿ ಆಗಿತ್ತು" ಎಂದ ವೀರು, ಯಾರ ಮುಖವನ್ನೂ ನೋಡದೆ. "ಪುಣೇದಾಂವ ಒಬ್ಬ ಇಂಜಿನ್ ಕೇಳಿದ, ಕೊಟ್ಟೆ. ಕಾಕಾ, ಪಾಲು ಮತ್ತೊಮ್ಮೆ ಮಾಡೂಣ್ರಿ. ಈ ಡಬ್ಬಿಗೆ ಯಾರು ಏನು ಕೊಡತಾರ್ರೀ?"

"ಬೆಲಿ ಕಟ್ಟಿದಾಂವ ನೀನ. ಎಲಿ ಇಟ್ಟಾತು" ಎಂದರು ಕಾಕಾ.

ಅವ್ವ ಕಟ್ಟೆಯಿಂದ ಎದ್ದಳು. "ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳಿದಿ. ಅದನ್ನ ಹೊರಗ ತಗದುಕೊಂಡು ಹೋಗು."

ವೀರು ಹಲ್ಲು ಕಡಿಯುತ್ತ ಗಾಡಿಯಲ್ಲಿ ಕೂತು ಕೀಲಿ ತಿರುವಿದ. ಇಳಿದಿದ್ದ ಬ್ಯಾಟರಿ ಮೊದಲ ಸಲಕ್ಕೇ ಎತ್ತಿತು. ಗಡಗಡ ಗಡಗಡ ಎಂದು ಇಡೀ ಅಂಗಳ ನಡುಗಿತು. ಮೆರವಣಿಗೆಯ ಬ್ಯಾಂಡಿನ ನಡುವೆ ಈ ಸದ್ದು ಯಾರಿಗೂ ಕೇಳಿರಲಿಕ್ಕಿಲ್ಲ. ಈ ಅಂಗಳದಲ್ಲಿ, ಆ ಕಿಟಕಿಯ ಪಕ್ಕ ಹಾಸಿಗೆ ಹಿಡಿದಿದ್ದ ಅಪ್ಪನಿಗೆ ಚೆನ್ನಾಗಿ ಕೇಳಿತ್ತು.

ಅವ್ವ ಕಿಟಕಿಯ ಸರಳು ಹಿಡಿದು ನಿಂತಳು. ಗಾಡಿ ಗೇಟು ದಾಟಿತು.

"ಯಾರ ಗಾಡಿ, ಯಾರ ಗಾಡಿ ಅಂತ ನಿಮ್ಮಪ್ಪ ಖರೇನ ಕೇಳತಿದ್ದ" ಎಂದಳು ಆಮೇಲೆ. "ನಾನು ಬಾಯಿ ತಗಿಸಿ ಗುಳಗಿ ಹಾಕತಿದ್ದೆ."