ಕಿವಿಯ ಹಿಂದಿನ ಮೂಳೆ

"ಒಂದಿನ ನಾನು ಪಿಸುಗುಟ್ಟಿದ್ದು ನಿನಗೆ ಕೇಳಿಸೋ ಹಾಗೆ ಮಾಡ್ತೀನಿ, ಅಮ್ಮ" ಎಂದು ಮಗಳು ಮಾತು ಕೊಟ್ಟಾಗ ಅವಳಿನ್ನೂ ಮೊಣಕಾಲುದ್ದದ ಲಂಗದ ಹುಡುಗಿ. ಅದನ್ನೂ ನಾನು ತುಟಿ ನೋಡಿಯೇ ತಿಳಿದುಕೊಂಡೆ. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ನನಗೆ ಕೇಳಿಸುವುದು ಮಂದವಾಗಿತ್ತು. ಕೆಲಸವೋ ಮಗ್ಗದ ಕಾರ್ಖಾನೆಯಲ್ಲಿ. ಆ ಗದ್ದಲದಲ್ಲಿ ಕಿವಿ ನೆಟ್ಟಗಿದ್ದವರೂ ತುಟಿ ಓದಿಯೇ ಹರಟುತ್ತಾರೆ.

"ನಿಮ್ಮಮ್ಮನ್ನ ಬೈಯೋದಾದ್ರೆ ಬೆನ್ನ ಹಿಂದೆ ನಿಂತು ಬೈಬೇಕು" ಎಂದು ಅವಳಪ್ಪ ನಗುತ್ತಿದ್ದರು.

ಅವಳ ವಿಜ್ಞಾನದ ಮೇಷ್ಟ್ರದು ಒಂದು ವಿಚಿತ್ರ ಪದ್ಧತಿ. ಲ್ಯಾಬಿನ ಸಾಮಾನೊಂದನ್ನು ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳಿಸುವುದು. ಮನೆಯಲ್ಲಿ ಯಾರಾದರೊಬ್ಬರು ಬೆರಗಾಗಬೇಕು, ಹೇಗೆ ಬೆರಗಾದರೆಂದು ಬಂದು ಹೇಳಬೇಕು. ಅವಳ ಪಾಲಿಗೆ ಬಂದದ್ದು ಶ್ರುತಿಕವೆ, ಬಡಿದರೆ ನಾದ ಹೊರಡಿಸುವ ಉಕ್ಕಿನ ಕವೆ. ಮೊಣಕಾಲಿಗೆ ಬಡಿದು ನನ್ನ ಕಿವಿಯ ಬಳಿ ಹಿಡಿದಳು. ಏನೂ ಇಲ್ಲ. ಅವಳ ಮುಖ ಸಪ್ಪಗಾಯಿತು. ಮತ್ತೆ ಬಡಿದು, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಊರಿದಳು. ತಲೆಬುರುಡೆಯೊಳಗೆ ನಾದವೊಂದು ಹೊತ್ತಿಕೊಂಡಿತು. ಕೈಯಲ್ಲಿದ್ದ ಪಾತ್ರೆ ಜಾರಿ ಬಿತ್ತು. ಆಗಲೇ ಅವಳು ಆ ಮಾತು ಕೊಟ್ಟದ್ದು.

ಮಾರನೆಯ ದಿನ ಮೇಷ್ಟ್ರು ಶಭಾಷ್ ಎನ್ನಲಿಲ್ಲವಂತೆ. "ಯಾಕೆ ಹಾಗಾಯ್ತು, ಕಂಡುಹಿಡಿ" ಎಂದು ಕೆಟ್ಟುಹೋದ ಸ್ಪೀಕರೊಂದನ್ನು ಬಿಚ್ಚಲು ಕೊಟ್ಟರಂತೆ. ಅಂದು ಹಿಡಿದ ಹುಚ್ಚು ಬಿಡಲೇ ಇಲ್ಲ. ಡಿಪ್ಲೊಮಾ ಮುಗಿಸಿದಳು, ಶ್ರವಣಸಾಧನ ತಯಾರಿಸುವ ವರ್ಕ್‌ಶಾಪು ಸೇರಿದಳು.

ಇವತ್ತು ಅಲ್ಲಿ, ತಾನೇ ರೂಪಿಸಿದ, ಪುಟ್ಟ ಶ್ರವಣಯಂತ್ರ ಕೂರಿಸಿದ್ದ ಪಟ್ಟಿಯನ್ನು ನನ್ನ ತಲೆಗೆ ಸುತ್ತಿ, ಎದುರು ಕೂತು ಒಂದೊಂದೇ ಪದ ಹೇಳಿದಳು. ಒಂದೂ ಬಿಡದೆ ಒಪ್ಪಿಸಿದೆ. ಅವಳ ಮೇಲಿನ ಇಂಜಿನಿಯರು ಚಪ್ಪಾಳೆ ತಟ್ಟಿದರು. ಮಗಳು ಮಾತ್ರ ಹುಬ್ಬು ಗಂಟಿಕ್ಕಿದಳು.

"ಅಮ್ಮ, ತುಟಿ ನೋಡ್ತಿದ್ದೀಯಾ?"

"ಅಯ್ಯೋ, ಹೌದಲ್ಲೇ! ಕಣ್ಣು ತಾನಾಗೇ ಹೋಗುತ್ತೆ, ಏನ್ಮಾಡ್ಲಿ?"

"ಕಳ್ಳಿ! ಗೋಡೆ ಕಡೆ ತಿರುಗು."

ತಿರುಗಿದೆ. ಬರೀ ಬಿಳಿ ಗೋಡೆ. ಏನೂ ಕೇಳಿಸಲಿಲ್ಲ. ಇಷ್ಟು ವರ್ಷದ ಅವಳ ಶ್ರಮವೆಲ್ಲ ನೀರುಪಾಲಾಯಿತಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವಳ ಬೆರಳು ಬಂತು. ಹಿಂದೆ ಕವೆ ಊರಿದ್ದ ಜಾಗವನ್ನು ತಡವಿ ಹುಡುಕಿ, ಅಂಗಿಯ ಗುಂಡಿಯಷ್ಟಗಲದ ಯಂತ್ರವನ್ನು ಅಲ್ಲಿಗೆ ಸರಿಸಿ ಒತ್ತಿ ಕೂರಿಸಿತು.

ಮೊದಲು ಫ್ಯಾನು ಕೇಳಿಸಿತು. ಆಮೇಲೆ ನನ್ನದೇ ಬಟ್ಟೆಯ ಸರಪರ. ಒಂದು ಕೋಣೆಯಲ್ಲಿ ಇಷ್ಟೊಂದು ಸಣ್ಣಪುಟ್ಟ ಸದ್ದುಗಳು ಸಂಸಾರ ಹೂಡಿರುತ್ತವೆಂದು ಯಾರಿಗೆ ಗೊತ್ತಿತ್ತು! ಉಸಿರು ಬಿಗಿಹಿಡಿದು ಕೂತೆ. ಬೆನ್ನ ಹಿಂದಿನಿಂದ, ಹೊಗೆಯಷ್ಟು ತೆಳ್ಳಗೆ ಒಂದು ದನಿ:

"ಅಮ್ಮ, ಹೊಟ್ಟೆ ಹಸೀತಿದೆ. ಇವರಿಗೆ ಹೇಳ್ಬೇಡ."

ಮಗಳು ಕೊಟ್ಟ ಮಾತು ಉಳಿಸಿಕೊಂಡಳು.