ಹೊಸಿಲಲ್ಲಿ ಹೇಳಿದ ಹೆಸರು

ಬೇಸಿಗೆ ಕಳೆದಿತ್ತು, ಮಳೆ ಇನ್ನೂ ಬಿದ್ದಿರಲಿಲ್ಲ. ಎರಡು ಸಾವಿರದ ಇಪ್ಪತ್ತೆರಡರ ಅಕ್ಟೋಬರ್ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ. ಅಮೆರಿಕದ ಡಬ್ಲಿನ್ ಎಂಬ ಊರಿನ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಟಪಾಲಿನ ಗಾಡಿ ಬಂದುಹೋದದ್ದನ್ನು ಮರಿತಾಯಮ್ಮ ಅಡಿಗೆಮನೆ ಕಿಟಕಿಯಿಂದ ಕಂಡಳು. ಅವಳ ಗಂಡ ಜಯರಾಮ್ ಟಪಾಲು ಡಬ್ಬಿಯ ಹತ್ತಿರವೇ ನಿಂತು ಲಕೋಟೆ ಹರಿದು ಓದಿದ. ಓದಿ ಮುಗಿಸಿ ಅಲ್ಲಿಂದಲೇ ಕೂಗಿದ.

"ಇಲ್ಲ ಅಂದವ್ರೆ ಕಣಮ್ಮಿ!"

ಎದುರುಮನೆ ನಾಯಿ ಬೊಗಳಿತು. ಅವನು ಮಾತಾಡುವುದೇ ಹಾಗೆ, ಇವತ್ತಿಗೂ ಹಡಗಿನ ಬಾಯ್ಲರ್ ಪಕ್ಕ ನಿಂತವನ ಹಾಗೆ.

ಮಂಡ್ಯದಲ್ಲಿ ಐಟಿಐ ಮುಗಿಸಿದವನನ್ನು ಅವನ ಅಕ್ಕ ಓಕ್‌ಲ್ಯಾಂಡಿಗೆ ಕರೆಸಿಕೊಂಡಿದ್ದಳು. ಬೇರೆ ಕೆಲಸ ಸಿಗದೆ ಅವನು ಅಮೆರಿಕದ ನೌಕಾಪಡೆಗೆ ಸೇರಿದ. ನಾಲ್ಕು ವರ್ಷ ಯುದ್ಧದ ಹಡಗೊಂದರ ಹೊಟ್ಟೆಯೊಳಗೆ, ಬಾಯ್ಲರ್ ಕೋಣೆಯಲ್ಲಿ ದುಡಿದ. ಎಂಬತ್ನಾಲ್ಕರ ಏಪ್ರಿಲ್‌ನಲ್ಲಿ ಅಲಮೇಡಾ ಬಂದರಿನಲ್ಲಿ ಇಳಿದಾಗ ಕಿವಿ ಹೋಗಿತ್ತು. ಗಟ್ಟಿ ಸದ್ದು ಕೇಳುತ್ತಿತ್ತು. ಮೆಲ್ಲಗೆ ಆಡಿದ್ದು, ಅದರಲ್ಲೂ ಹೆಂಗಸರ ದನಿ, ಕೇಳುತ್ತಿರಲಿಲ್ಲ.

ಆದರೆ ಬಿಡುಗಡೆಯ ಕಾಗದದಲ್ಲಿ, ಕಿವಿಯ ತೊಂದರೆ ಉಂಟೇ ಎಂದು ಕೇಳಿದ ಕಡೆ, ಅವನೇ ಕೈಯಾರೆ 'ಇಲ್ಲ' ಎಂದು ಗುರುತು ಹಾಕಿದ್ದ. ಉಂಟು ಎಂದವರನ್ನು ಮತ್ತೆ ಪರೀಕ್ಷೆಗೆಂದು ಎರಡು ಮೂರು ವಾರ ನಿಲ್ಲಿಸಿಕೊಳ್ಳುತ್ತಿದ್ದರು. ಊರಿನಲ್ಲಿ ಮೇ ಒಂಬತ್ತಕ್ಕೆ ಮುಹೂರ್ತ ಇಟ್ಟಾಗಿತ್ತು, ಲಗ್ನಪತ್ರಿಕೆ ಹಂಚಿಯಾಗಿತ್ತು. ಮುಹೂರ್ತ ತಪ್ಪಿಸುವುದುಂಟೆ? ಗುರುತು ಹಾಕಿ ವಿಮಾನ ಹತ್ತಿದ.

ಕಿವಿಗೆ ಪರಿಹಾರ ಕೊಡಿ ಎಂದು ಅವನು ಮಾಜಿ ಸೈನಿಕರ ಇಲಾಖೆಗೆ ಅರ್ಜಿ ಹಾಕಿದ್ದ; ಆ 'ಇಲ್ಲ'ವೇ ಈಗ ಅವರ ಕಾಗದದಲ್ಲಿ ತಿರುಗಿ ಬಂದಿತ್ತು. ಬಿಡುಗಡೆಯಾದಾಗ ನಿನಗೇನೂ ತೊಂದರೆ ಇರಲಿಲ್ಲ. ಆಮೇಲೆ ಮೂವತ್ತು ವರ್ಷ ಬಸ್ಸಿನ ಗ್ಯಾರೇಜಿನಲ್ಲಿದ್ದೆ. ಈಗ ವಯಸ್ಸೂ ಆಯಿತು. ಕಿವಿ ಹೋದದ್ದು ನಮ್ಮ ಹಡಗಿನಿಂದಲ್ಲ.

ಪ್ಲೆಸೆಂಟನ್‌ನಿಂದ ಮಗಳು ವಾಣಿಶ್ರೀ ಬಂದು ಅವನ ಕಿವಿಯ ಹತ್ತಿರ ಕೂಗಿದಳು. "ಅಪ್ಪಾಜಿ, ಬಿಟ್ಹಾಕಿ. ಹಿಯರಿಂಗ್ ಏಡು ನಾನೇ ತಂದ್ಕೊಡ್ತೀನಿ. ನಾಳೇನೇ ಹೋಗೋಣ."

"ಯಾಕವ್ವ? ಕಿವಿ ಕೆಡ್ಸಿದೋರು ಅವ್ರು. ಕೆಡ್ಸಿದ್ದು ನಾವೇ ಅಂತ ಒಂದು ಮಾತು ಅನ್ಲಿ. ಆವತ್ತು ಹಾಕ್ಕೋತೀನಿ. ಅಲ್ಲೀಗಂಟ ಯಾವ ಮಿಶಿನ್ನೂ ಬ್ಯಾಡ."

"ಅಲ್ಲೀವರೆಗೆ ಅವ್ವ ಗೋಡೆ ಜೊತೆ ಮಾತಾಡ್ಬೇಕಾ?" ಎಂದು ಅವಳು ದನಿ ತಗ್ಗಿಸಿ ಕೇಳಿದಳು.

"ಆಂ?"

ವಾಣಿಶ್ರೀ ನಕ್ಕಳು. ಮರಿತಾಯಮ್ಮ ನಗಲಿಲ್ಲ.

ಅವಳಿಗೆ ಗೋಡೆಯ ಜೊತೆ ಮಾತಾಡಿ ಅಭ್ಯಾಸವಾಗಿತ್ತು. ನಾಲ್ಕನೇ ಕ್ಲಾಸು ಓದಿದವಳು. ಈ ದೇಶದ ಭಾಷೆ ಅವಳ ನಾಲಿಗೆಗೆ ಹತ್ತಲೇ ಇಲ್ಲ. ಮಾತಾಡಿದರೆ ಮನೆಯೊಳಗೇ ಆಡಬೇಕು. ಮನೆಯೊಳಗಿದ್ದವನಿಗೆ ಕೇಳುವಂತೆ ಆಡಬೇಕಾದರೆ ಕೂಗಬೇಕು. ಉಪ್ಪು ಸಾಕಾ, ಬಾಗಿಲು ಹಾಕಿದ್ರಾ, ಇಂಥವನ್ನು ಕೂಗಬಹುದು. ಎದೆಯಲ್ಲಿರುವುದನ್ನು ಯಾರು ಕೂಗುತ್ತಾರೆ? ತವರಲ್ಲಿ ತಾಯಿ ತೀರಿಕೊಂಡಾಗಲೂ ಅವಳು ಮುದ್ದೆ ತಿರುವುತ್ತ ಅವನ ಬೆನ್ನಿಗೆ ಹೇಳಿಕೊಂಡು ಅತ್ತಿದ್ದಳು. ಅವನು ತಿರುಗಿರಲಿಲ್ಲ.

ಕೆಟ್ಟವನಲ್ಲ. ಒಂದು ದಿನವೂ ಕೈಯೆತ್ತಿದವನಲ್ಲ. ಆದರೆ ಮದುವೆಯಾದಾಗಿನಿಂದ ಅವಳೊಡನೆ ಒಂದು ದೂರ ಇಟ್ಟಿದ್ದ. ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯನ್ನು ಜೋಪಾನ ಮಾಡುವ ಹಾಗೆ ಅವಳನ್ನು ನೋಡಿಕೊಂಡಿದ್ದ. ಯಾಕೆಂದು ಅವಳಿಗೆ ತಿಳಿದಿರಲಿಲ್ಲ.

ಮೇಲ್ಮನವಿಗೆ ಕೌಂಟಿಯ ಮಾಜಿ ಸೈನಿಕರ ಕಚೇರಿಯ ಹೆಂಗಸೊಬ್ಬಳು ನೆರವಾದಳು. ಹಡಗಿನ ಜೊತೆಗಾರರಲ್ಲಿ ಬದುಕಿರುವವರು ಯಾರೂ ಸಿಗಲಿಲ್ಲ. "ಬಿಡುಗಡೆಯಾದ ಹೊಸದರಲ್ಲಿ ನಿಮ್ಮ ತಂದೆಯನ್ನ ಹತ್ತಿರದಿಂದ ಕಂಡವರು ಯಾರಿದ್ದಾರೆ?" ಎಂದು ಅವಳು ಕೇಳಿದ್ದನ್ನು ವಾಣಿಶ್ರೀ ಮನೆಯಲ್ಲಿ ಹೇಳಿದಳು.

ಮರಿತಾಯಮ್ಮ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ, "ನಾನಿದ್ದೀನಲ್ಲ. ಹಡಗಿಳ್ದು ಒಂದು ತಿಂಗಳೂ ಆಗಿರ್ನಿಲ್ಲ, ಮದ್ವೆ ಆದಾಗ," ಎಂದಳು.

ವಿಚಾರಣೆ ಬಂದದ್ದು ಇಪ್ಪತ್ನಾಲ್ಕರ ಮೇ ತಿಂಗಳಲ್ಲಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರೊಳಗೆ ನ್ಯಾಯಾಧೀಶರು, ಇನ್ನೊಂದು ಚೌಕದಲ್ಲಿ ಕೌಂಟಿಯ ಹೆಂಗಸು, ಫೋನಿನಲ್ಲಿ ಕನ್ನಡ ಬಲ್ಲ ದುಭಾಷಿ. ಜಯರಾಮ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತನ್ನ ಪಾಲಿನ ಉತ್ತರವನ್ನು ಕೂಗಿ ಹೇಳಿ ಕೂತ. ಆಮೇಲೆ ಮರಿತಾಯಮ್ಮನ ಸರದಿ.

"ಅರ್ಜಿದಾರರ ಹೆಸರೇನು ಅಂತ ಕೇಳ್ತಿದ್ದಾರಮ್ಮ," ಎಂದಳು ದುಭಾಷಿ.

ಮರಿತಾಯಮ್ಮ ಮಗಳ ಮುಖ ನೋಡಿದಳು. ಅವಳ ಕಡೆಯಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಹೇಳುವುದಿಲ್ಲ. ಮೊದಲು 'ಏನ್ರೀ', ಮಗು ಹುಟ್ಟಿದ ಮೇಲೆ 'ವಾಣಿಯಪ್ಪ'. ದುಭಾಷಿ ಅದನ್ನು ವಿವರಿಸಿದಳು. ನ್ಯಾಯಾಧೀಶರು ಮಗಳಿಂದಲೇ ಹೇಳಿಸಿಕೊಂಡರು.

"ಹೆಸರು ಹೇಳ್ದೋಳೇ ಸ್ವಾಮಿ, ಒಂದೇ ಒಂದಿನ," ಎಂದು ಮರಿತಾಯಮ್ಮ ಮೆಲ್ಲಗೆ ಶುರುಮಾಡಿದಳು. "ಮದ್ವೆ ಆಗಿ ಮನೆ ತುಂಬಿಸ್ಕೊಳ್ಳೋ ಹೊತ್ತು. ನಾದಿನೀರು ಬಾಗ್ಲಿಗಡ್ಡ ನಿಂತ್ಕೋತಾರೆ. ಗಂಡನ ಹೆಸ್ರು ಹೇಳಿದ್ರೇನೇ ಒಳಿಕ್ಕೆ ಬಿಡಾದು. ನಾನು ಹೇಳ್ದೆ. ಇವ್ರು ಅದ ಕೇಳಿಸ್ಕಂಡು ತಿರುಗಿ ನನ್ ಹೆಸ್ರು ಹೇಳ್ಬೇಕು. ಹೇಳ್ನಿಲ್ಲ. ಇನ್ನೊಂದ್ಸಲ ಹೇಳ್ದೆ. ಮೂರನೇ ಸಲಾನೂ ಹೇಳ್ದೆ. ಇವ್ರು ತಲೆ ಬಗ್ಗಿಸ್ಕಂಡು ಕಂಬ ನಿಂತಂಗೆ ನಿಂತಿದ್ರು. ಮಿಲಿಟ್ರಿಯೋನಿಗೆ ನಾಚ್ಕೆ ಅಂತ ಎಲ್ರೂ ನಗಾಡಿ ಒಳಿಕ್ಕೆ ಬಿಟ್ರು. ನಂಗೆ ವಾರ ಕಳ್ಯೋದ್ರಲ್ಲಿ ಗೊತ್ತಾಯ್ತು, ಕಿವಿ ಇಲ್ಲ ಅಂತ. ಕಿವುಡನಿಗೆ ಕೊಟ್ರು ಅಂತ ಆಡ್ಕೋತಾರಲ್ಲ. ಯಾರಿಗೂ ಹೇಳ್ನಿಲ್ಲ."

ನ್ಯಾಯಾಧೀಶರು ಏನೋ ಬರೆದುಕೊಂಡು ಕೇಳಿದರು. ಮದುವೆಮನೆ ಅಂದಮೇಲೆ ವಾದ್ಯ ಇರುತ್ತದಲ್ಲ, ಆ ಸದ್ದಿಗೆ ಕೇಳದೆ ಇದ್ದಿರಬಹುದಲ್ಲ?

"ವಾಲಗದೋರು ಊಟಕ್ಕೆ ಕೂತಿದ್ರು," ಎಂದಳು ಮರಿತಾಯಮ್ಮ.

ಜಯರಾಮ್ ಪಕ್ಕದಲ್ಲೇ ಕೈಕಟ್ಟಿ ಕೂತಿದ್ದ. ಅವಳು ಆಡಿದ್ದು ಒಂದೂ ಅವನಿಗೆ ಕೇಳಿರಲಿಲ್ಲ. ಮುಗಿದ ಮೇಲೆ, "ಏನೇಳ್ದೆ?" ಎಂದು ಕೂಗಿದ. "ಕಿವಿ ಕೇಳ್ತಿರ್ನಿಲ್ಲ ಅಂದೆ," ಎಂದು ಅವಳೂ ಕೂಗಿದಳು. ಅಷ್ಟು ಮಾತ್ರ ಕೂಗಬಹುದಾಗಿತ್ತು.

ಉತ್ತರ ಬರಲು ಎಂಟು ತಿಂಗಳಾಯಿತು. ಇಪ್ಪತ್ತೈದರ ಜನವರಿ, ಒಂದು ಶನಿವಾರ. ವಾಣಿಶ್ರೀ ಮನೆಯಲ್ಲೇ ಇದ್ದಳು. ದಪ್ಪ ಲಕೋಟೆ. ಮೊದಲ ಹಾಳೆ ನೋಡುತ್ತಲೇ ಅವಳು ಅಪ್ಪನ ಭುಜ ಹಿಡಿದು ಕುಣಿದಳು. ಮಂಜೂರಾಗಿತ್ತು. ಕಿವಿ ಹೋದದ್ದು ಹಡಗಿನಲ್ಲೇ ಎಂದು ಒಪ್ಪಿದ್ದರು.

ಜಯರಾಮ್ ಕನ್ನಡಕ ಹಾಕಿ, ಸಾಲಿನ ಕೆಳಗೆ ಬೆರಳಿಟ್ಟು ಎಲ್ಲವನ್ನೂ ಓದಿದ. ಐದನೇ ಹಾಳೆಯಲ್ಲಿ ಬೆರಳು ನಿಂತಿತು. ಮದುವೆಯ ದಿನ ಹೆಂಡತಿ ಮೂರು ಸಲ ಗಂಡನ ಹೆಸರನ್ನು ಹೇಳಿದಳು, ಅವನಿಗೆ ಕೇಳಿಸಲಿಲ್ಲ, ಆಕೆಯ ಸಾಕ್ಷ್ಯ ನಂಬಲರ್ಹ ಎಂದು ಬರೆದಿತ್ತು. ಅವನು ಅದನ್ನು ಮತ್ತೆ ಓದಿದ. ಕನ್ನಡಕ ತೆಗೆದ.

"ಹೇಳಿದ್ದಾ ನೀನು?"

ಆ ಮನೆಯಲ್ಲಿ ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮರಿತಾಯಮ್ಮ ಮೂರು ಬೆರಳು ತೋರಿಸಿದಳು.

"ನೀನು ಬಾಯೇ ಬಿಡ್ನಿಲ್ಲ ಅಂದ್ಕಂಡಿದ್ದೆ ಕಣಮ್ಮಿ. ನಾನು ನಿಂಗೆ ಬ್ಯಾಡ, ಬಲವಂತಕ್ಕೆ ತಾಳಿ ಕಟ್ಟಿಸ್ಕಂಡಿದ್ದೀಯ, ಅಕ್ಕದೀರು ಕನಿಕರಕ್ಕೆ ಒಳಿಕ್ಕೆ ಬಿಟ್ರು ಅಂತ."

"ನಲ್ವತ್ತು ವರ್ಸದಿಂದ್ಲಾ?"

ಅದು ಅವನಿಗೆ ಕೇಳಲಿಲ್ಲ. ಅವಳ ಮುಖ ನೋಡಿ ತಿಳಿದುಕೊಂಡಿರಬೇಕು, ತಲೆ ಆಡಿಸಿದ. ಕುರ್ಚಿ ಹತ್ತಿರಕ್ಕೆಳೆದುಕೊಂಡು, "ಈಗೊಂದ್ಸಲ ಹೇಳು," ಎಂದ.

ಮರಿತಾಯಮ್ಮನ ಕೆನ್ನೆ ಬಿಸಿಯಾಯಿತು. "ಥೂ, ಮಗಳು ನಿಂತವ್ಳೆ," ಎಂದು ಸೆರಗು ಬಾಯಿಗಿಟ್ಟುಕೊಂಡಳು. ಮತ್ತೆ ಕಿವಿಯ ಕಡೆ ಕೈ ತೋರಿಸಿ ಜೋರಾಗಿ ಅಂದಳು: "ಮಿಶಿನ್ ಬರ್ಲಿ, ಹೇಳ್ತೀನಿ! ಕೂಗಿ ಹೇಳೋ ಹೆಸ್ರಲ್ಲ ಅದು!"

"ಹಂಗಾದ್ರೆ ಬೇಗ ಕರ್ಕಂಡೋಗು ವಾಣಿ," ಎಂದ ಜಯರಾಮ್.

ಮಿಶಿನ್ ಅಳವಡಿಸಲು ಫೆಬ್ರವರಿ ಹತ್ತು, ಸೋಮವಾರ ನಿಗದಿಯಾಯಿತು. ಅವನು ಕ್ಯಾಲೆಂಡರಿನಲ್ಲಿ ಅದಕ್ಕೆ ಸುತ್ತು ಹಾಕಿದ. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ, ಇನ್ನೆಷ್ಟು ದಿನ ಎಂದು ಬೆರಳೆತ್ತಿ ಅವಳಿಗೆ ತೋರಿಸುತ್ತಿದ್ದ. ಅವಳು ಪಾತ್ರೆ ತೊಳೆಯುವಾಗ ನಲ್ಲಿಯ ಸದ್ದಿನಲ್ಲಿ ಆ ಹೆಸರನ್ನು ತುಟಿಯಲ್ಲೇ ಹೇಳಿ ನೋಡುತ್ತಿದ್ದಳು. ಒಂದು ದಿನ ಹಿಂದೆ ಬಂದು ನಿಂತಿದ್ದ. ನಾಚಿ ನಲ್ಲಿ ನಿಲ್ಲಿಸಿಬಿಟ್ಟಳು.

ನಾಲ್ಕು ಬೆರಳು ತೋರಿಸಿದ ಬೆಳಿಗ್ಗೆ, ಹತ್ತೂವರೆಗೆ, ಹಿತ್ತಲಲ್ಲಿ ಕರಿಬೇವಿನ ಕುಂಡದ ಪಕ್ಕ ಕುಸಿದ. ಅವಳು ಬೀದಿಗೆ ಓಡಿ ಕೂಗಿದಳು. ಎದುರುಮನೆಯವರು ಫೋನು ಮಾಡಿದರು. ಆಂಬುಲೆನ್ಸಿನವನು ಮೊಣಕಾಲೂರಿ ಕೂತು, ಅವನ ಎದೆಯ ಮೇಲಿಂದ ಕೈ ತೆಗೆಯದೆ, ಹೆಸರೇನು ಎಂದು ಕೇಳಿದ. ಅಷ್ಟು ಇಂಗ್ಲಿಷು ಮರಿತಾಯಮ್ಮನಿಗೆ ತಿಳಿಯುತ್ತಿತ್ತು. ಸುತ್ತ ನೋಡಿದಳು. ಮಗಳು ಆಫೀಸಿನಲ್ಲಿದ್ದಳು.

"ಜಯರಾಮ್," ಎಂದಳು.

ಜೊತೆಗಿದ್ದ ಇನ್ನೊಬ್ಬ ಬರೆದುಕೊಂಡ. ಅವಳು ಹುಲ್ಲಿನ ಮೇಲೆ ಕೂತು, ಗಂಡನ ಕಿವಿಯ ಹತ್ತಿರ ಬಾಗಿ, ಮತ್ತೊಂದು ಸಲ ಹೇಳಿದಳು. ಇನ್ನೊಂದು ಸಲ ಹೇಳಿದಳು. ಆ ಎರಡು ಸಲ ಹೆಸರೇನು ಎಂದು ಯಾರೂ ಕೇಳಿರಲಿಲ್ಲ.

ಜಯರಾಮ್ ಹೋದದ್ದು ಆ ದಿನವೇ, ಫೆಬ್ರವರಿ ಆರು, ಗುರುವಾರ.